ಹಬ್‌ಗೆ ತುಕ್ಕು ಹಿಡಿದು ಕೂತ ಬ್ರೇಕ್ ಡಿಸ್ಕ್ ಬಿಡಿಸಿದ್ದು

ನನ್ನದು ಸೆಕೆಂಡ್ ಹ್ಯಾಂಡ್ ಪಿಕಪ್. ನನ್ನ ಕೈಗೆ ಬರುವ ಮುಂಚೆ ಮಂಜೇಶ್ವರದ ಕಡೆ ಮೀನು ಹೇರುತ್ತಿದ್ದ ಗಾಡಿ. ಈಗ ಅಡಿಕೆ, ತೆಂಗಿನಕಾಯಿ, ಗೊಬ್ಬರ ಹೇರುತ್ತದೆ. ಹೋದರೆ ಬದಿಯಡ್ಕ, ಕುಂಬಳೆ, ಅಪರೂಪಕ್ಕೆ ತಲಪಾಡಿ ದಾಟಿ ಮಂಗಳೂರು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗಲು ಶುರುವಾಯಿತು, ಎಡಗಡೆಯ ಮುಂದಿನ ಚಕ್ರದಿಂದ ಕರಕರ ಸದ್ದು ಬೇರೆ. ಚಕ್ರ ಬಿಚ್ಚಿ ನೋಡಿದರೆ, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಪೂರ್ತಿ ಸವೆದು ಅದರ ಹಿಂದಿನ ಕಬ್ಬಿಣದ ತಗಡೇ ಡಿಸ್ಕಿಗೆ ಉಜ್ಜುತ್ತಿತ್ತು. ಡಿಸ್ಕಿನ ಮೈಯಲ್ಲಿ ಉಗುರು ಸಿಕ್ಕುವಷ್ಟು ಆಳದ ಗೀರುಗಳು. ಕನಿಷ್ಠ ಇಷ್ಟು ದಪ್ಪ ಇರಬೇಕು ಎಂದು ಡಿಸ್ಕಿನಲ್ಲೇ ಅಚ್ಚೊತ್ತಿರುತ್ತಾರೆ. ಉಳಿದಿದ್ದ ದಪ್ಪ ಅದಕ್ಕಿಂತ ಕಡಿಮೆ. ಲೇತಿಗೆ ಹಾಕಿ ಸಪಾಟು ಮಾಡಿಸುವ ಮಾತೇ ಇಲ್ಲ, ಹೊಸದೇ ಆಗಬೇಕು. ಅದೂ ಎರಡೂ ಬದಿಗೆ. ಒಂದೇ ಬದಿ ಬದಲಾಯಿಸಿದರೆ ಬ್ರೇಕ್ ಹಿಡಿಯುವಾಗ ಗಾಡಿ ಒಂದು ಕಡೆಗೆ ಎಳೆಯುವ ಸಾಧ್ಯತೆ ಉಂಟು.

ಹೊಸ ಡಿಸ್ಕ್ ತರುವುದರಲ್ಲಿ ಎಂತದೂ ಇಲ್ಲ, ದುಡ್ಡು ಕೊಟ್ಟರೆ ಸಿಗುತ್ತದೆ. ಹಳೆಯದನ್ನು ಬಿಡಿಸುವುದೇ ಕೆಲಸ.

ಸ್ಪ್ಯಾನರ್ ಹಿಡಿಯುವ ಮುಂಚೆ ನಿಮ್ಮ ಗಾಡಿಯ ಡಿಸ್ಕ್ ಯಾವ ಜಾತಿಯದು ಎಂದು ನೋಡಿಕೊಳ್ಳಿ. ಕೆಲವು ಪಿಕಪ್‌ಗಳಲ್ಲಿ ಡಿಸ್ಕನ್ನು ಹಬ್‌ನ, ಅಂದರೆ ಚಕ್ರ ಕೂರುವ ತಿರುಗುವ ನಡುಭಾಗದ, ಹಿಂಬದಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅಲ್ಲಿ ಬೇರಿಂಗ್ ಸಮೇತ ಹಬ್ಬೇ ಕಳಚಿ ಬರಬೇಕು. ಅಂಥದ್ದಕ್ಕೆ ಎಷ್ಟು ಬಡಿದರೂ ಪ್ರಯೋಜನ ಇಲ್ಲ, ಬೇರಿಂಗ್ ಹಾಳಾಗುವುದಷ್ಟೆ. ನನ್ನದು ಇನ್ನೊಂದು ಜಾತಿ. ಡಿಸ್ಕಿನ ನಡುವಿನ ಭಾಗ ತಲೆಗೆ ಟೋಪಿ ಇಟ್ಟ ಹಾಗೆ ಹಬ್‌ನ ಮೇಲೆ ಕೂತಿರುತ್ತದೆ, ವೀಲ್ ಸ್ಟಡ್‌ಗಳು, ಅಂದರೆ ಚಕ್ರದ ನಟ್ಟು ಕೂರುವ ಕಂಬಿಗಳು, ಅದರ ತೂತುಗಳಿಂದ ಹೊರಗೆ ಬಂದಿರುತ್ತವೆ. ಚಕ್ರದ ನಟ್ಟುಗಳೇ ಅದನ್ನು ಒತ್ತಿ ಹಿಡಿಯುವುದು. ಚಕ್ರವನ್ನೂ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನೂ, ಅದರ ಬ್ರಾಕೆಟ್ಟನ್ನೂ ತೆಗೆದ ಮೇಲೆ ಕೈಯಲ್ಲಿ ಎಳೆದರೆ ಬರಬೇಕು. ಬರಲಿಲ್ಲ.

ಹಿಡಿದದ್ದು ಎಲ್ಲಿ ಎನ್ನುವುದು ಮುಖ್ಯ. ಡಿಸ್ಕಿನ ಅಗಲವಾದ ಮೈಯಲ್ಲಿ ಕಾಣುವ ಕೆಂಪು ತುಕ್ಕು ಲೆಕ್ಕಕ್ಕಿಲ್ಲ, ಒಂದು ರಾತ್ರಿ ಮಳೆಯಲ್ಲಿ ನಿಂತರೂ ಅದು ಬರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಹಬ್‌ನ ನಡುವೆ ಒಂದು ಉರುಟು ಏಣು ಮುಂದೆ ಬಂದಿರುತ್ತದೆ; ಡಿಸ್ಕಿನ ನಡುತೂತು ಅದರ ಸುತ್ತ ಕೂದಲೆಳೆಯ ಸಂದಿ ಬಿಟ್ಟು ಕೂರುತ್ತದೆ. ಆ ಸಂದಿಯೇ ಜಾಗ. ತುಕ್ಕಾದ ಕಬ್ಬಿಣಕ್ಕೆ ಮೊದಲಿನ ಎರಡು ಪಟ್ಟಿಗೂ ಮೀರಿ ಜಾಗ ಬೇಕು. ಇಲ್ಲದ ಜಾಗದಲ್ಲಿ ಅದು ಬೆಳೆದು ಡಿಸ್ಕನ್ನೂ ಹಬ್ಬನ್ನೂ ಒಂದಕ್ಕೊಂದು ಬೆಣೆ ಹೊಡೆದು ಬಿಡುತ್ತದೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ, ಪಡುವಣದ ಉಪ್ಪುಗಾಳಿ, ಅದರ ಮೇಲೆ ಈ ಗಾಡಿಗೆ ಮೀನಿನ ಪೆಟ್ಟಿಗೆಯಿಂದ ಸೋರಿದ ಮಂಜುಗಡ್ಡೆಯ ನೀರು. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಬೇಸಗೆಯಲ್ಲೂ ತುಕ್ಕಿನ ಕೆಲಸ ನಿಲ್ಲುವುದಿಲ್ಲ. ಮೀನಿನ ಗಾಡಿ ಕೊಳ್ಳುವವರು ಎಂಜಿನ್ ಸದ್ದು ಕೇಳುವ ಮುಂಚೆ ಅಡಿಗೆ ಬಗ್ಗಿ ನೋಡುವುದು ಒಳ್ಳೆಯದು.

ಅಂಗಳ ಸಮತಟ್ಟು, ಆದರೆ ಮಣ್ಣಿನದು. ಜ್ಯಾಕಿಯ ಅಡಿಗೆ ದಪ್ಪ ಹಲಗೆ, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕೆಂಪುಕಲ್ಲು. ಕೆಂಪುಕಲ್ಲು ಚಕ್ರಕ್ಕೆ ಅಡ್ಡ ಇಡಲಿಕ್ಕೆ ಸಾಕು. ಗಾಡಿಯ ಭಾರವನ್ನು ಅದರ ಮೇಲೆ ಹೊರಿಸಬೇಡಿ. ಒಳಗೆಲ್ಲ ತೂತಿನ ಕಲ್ಲು, ಒಂದೇ ಕಡೆ ಭಾರ ಬಿದ್ದರೆ ಸದ್ದಿಲ್ಲದೆ ಪುಡಿಯಾಗುತ್ತದೆ. ಚಾಸಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡೇ ಬೇಕು.

ಕ್ಯಾಲಿಪರ್ ಬಿಚ್ಚಿ ಬೈಂಡಿಂಗ್ ವಯರಿನಲ್ಲಿ ಮೇಲಿನ ಸ್ಪ್ರಿಂಗಿಗೆ ಕಟ್ಟಿದೆ. ಬ್ರೇಕ್ ಹೋಸಿನಲ್ಲಿ ಜೋತುಬಿಟ್ಟರೆ ಹೋಸಿನ ಒಳಪದರ ಬಿರಿಯಬಹುದು, ಹೊರಗೆ ಗೊತ್ತೂ ಆಗುವುದಿಲ್ಲ. ಕ್ಯಾಲಿಪರ್ ಕೂರುವ ಬ್ರಾಕೆಟ್ಟಿನ ಎರಡು ದೊಡ್ಡ ಬೋಲ್ಟುಗಳು ಸಾಮಾನ್ಯ ಸ್ಪ್ಯಾನರಿಗೆ ಅಲ್ಲಾಡಲಿಲ್ಲ. ಸಾಕೆಟ್ ರಾಡಿಗೆ ಉದ್ದದ ಪೈಪ್ ಸಿಕ್ಕಿಸಿ ತೂಕ ಹಾಕಿದ ಮೇಲೆ ಟಕ್ ಎಂದು ಬಿಟ್ಟವು. ಡಿಸ್ಕಿನ ಮುಖದಲ್ಲಿ ಒಂದು ಚಿಕ್ಕ ಸ್ಕ್ರೂ ಕೂಡ ಇತ್ತು, ತಲೆ ಮಟ್ಟಸವಾಗಿ ಒಳಗೆ ಇಳಿದದ್ದು. ಎಲ್ಲ ಗಾಡಿಯಲ್ಲಿ ಇರುವುದಿಲ್ಲ, ಆದರೆ ಇದ್ದರೆ ತುಕ್ಕಿನಲ್ಲಿ ಮುಚ್ಚಿ ಕಣ್ಣಿಗೇ ಬೀಳುವುದಿಲ್ಲ, ಕೆರೆದು ನೋಡಬೇಕು. ಬರೀ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಅದರ ತಲೆಯ ಸೀಳು ಸವೆದು ಹೋಗುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ಒತ್ತುತ್ತಲೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಸಿಗುತ್ತದೆ, ಅದನ್ನೇ ಹಾಕಿದೆ. ಅದಕ್ಕೂ ಬಾರದಿದ್ದರೆ ಡ್ರಿಲ್ಲಿನಲ್ಲಿ ತಲೆಯನ್ನು ಕೊರೆದು ಹಾಕುವುದು. ಆ ಸ್ಕ್ರೂ ಇಲ್ಲದೆಯೂ ಡಿಸ್ಕ್ ಕೂರುತ್ತದೆ, ಚಕ್ರದ ನಟ್ಟು ಉಂಟಲ್ಲ.

ಆಮೇಲೆ ಎಣ್ಣೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ನಡುತೂತಿನ ಸುತ್ತ, ಒಂದೊಂದು ಸ್ಟಡ್ಡಿನ ಬುಡಕ್ಕೆ ಹೊಡೆದು ರಾತ್ರಿಯಿಡೀ ಬಿಟ್ಟೆ. ಮಲಗುವ ಮುಂಚೆ ಇನ್ನೊಮ್ಮೆ. ಡೀಸೆಲ್, ಸೀಮೆಎಣ್ಣೆ ಹಾಕುವವರೂ ಇದ್ದಾರೆ. ತಪ್ಪಲ್ಲ, ಆದರೆ ಇಳಿಯುವುದು ನಿಧಾನ. ತೆಂಗಿನೆಣ್ಣೆ ಸುರಿದು ನೋಡಿದವರೂ ನಮ್ಮ ಊರಿನಲ್ಲಿ ಇದ್ದಾರೆ. ಅದು ತಲೆಗೇ ಇರಲಿ.

ಬೆಳಿಗ್ಗೆ ಪಕ್ಕದ ತೋಟದ ಭಾವ ಬಂದರು. ಕೈಯಲ್ಲಿ ಕಲ್ಲು ಒಡೆಯುವ ದೊಡ್ಡ ಸುತ್ತಿಗೆ.

"ಎಂತ ಭಾವ, ಇನ್ನೂ ಎಣ್ಣೆ ಹಚ್ಚುತ್ತಾ ಇದ್ದೀರಾ? ಕೊಡಿ ನಾಲ್ಕು ಪೆಟ್ಟು."

"ಪೆಟ್ಟು ಡಿಸ್ಕಿಗೆ ಬಿದ್ದರೂ ತಾಗುವುದು ಬೇರಿಂಗಿಗೆ ಭಾವ. ಅದರ ದುಡ್ಡು ನೀವು ಕೊಡುವುದಾದರೆ ಹೊಡೆಯಿರಿ."

ಸುತ್ತಿಗೆಯನ್ನು ನಾನು ಪೂರ್ತಿ ಬೇಡ ಎನ್ನುವವನಲ್ಲ. ಸ್ಟಡ್‌ಗಳ ನಡುವಿನ ಜಾಗದಲ್ಲಿ, ಟೋಪಿಯ ಮುಖಕ್ಕೆ, ಚಿಕ್ಕ ಸುತ್ತಿಗೆಯಿಂದ ಸುತ್ತಲೂ ಟಕಟಕ ಹೊಡೆದರೆ ಒಳಗಿನ ತುಕ್ಕು ಬಿರಿದು ಎಣ್ಣೆ ಇಳಿಯಲು ದಾರಿಯಾಗುತ್ತದೆ. ಅಷ್ಟಕ್ಕೇ ಬೇಕು ಅದು. ದೊಡ್ಡ ಸುತ್ತಿಗೆಯಿಂದ ಡಿಸ್ಕಿನ ಅಂಚಿಗೆ ಬಡಿದರೆ ಆ ಏಟೆಲ್ಲ ಬೇರಿಂಗಿನ ಗುಂಡುಗಳ ಮೇಲೆ ಹೋಗಿ ಅವು ಕೂರುವ ದಾರಿಯಲ್ಲಿ ಗುಳಿ ಬೀಳುತ್ತದೆ. ಎಬಿಎಸ್ (ಚಕ್ರ ಜಾಮ್ ಆಗದಂತೆ ಬ್ರೇಕ್ ಹಿಡಿಸುವ ವ್ಯವಸ್ಥೆ) ಇರುವ ಗಾಡಿಯಾದರೆ ಅದರ ಸೆನ್ಸರೂ ಅಲ್ಲೇ ಪಕ್ಕದಲ್ಲಿ. ಮತ್ತೆ ಡಿಸ್ಕ್ ಬೀಡು ಕಬ್ಬಿಣದ್ದು, ಬಗ್ಗುವುದಿಲ್ಲ, ಚೂರು ಹಾರುತ್ತದೆ. ಕನ್ನಡಕ ಹಾಕದೆ ಹೊಡೆಯಬೇಡಿ.

ಹಲವು ಡಿಸ್ಕ್‌ಗಳ ಮುಖದಲ್ಲಿ ಮರೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆ) ಇರುವ ಎರಡು ಚಿಕ್ಕ ತೂತುಗಳಿರುತ್ತವೆ. ಸಾಮಾನ್ಯವಾಗಿ 8 ಎಂಎಂ ಬೋಲ್ಟ್ ಹಿಡಿಯುತ್ತದೆ. ಎರಡರಲ್ಲೂ ಬೋಲ್ಟ್ ಹಾಕಿ ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು ಎಂದು ತಿರುಗಿಸುತ್ತ ಹೋದರೆ ಬೋಲ್ಟಿನ ತುದಿ ಹಬ್‌ಗೆ ಒತ್ತಿ ಡಿಸ್ಕ್ ಎದ್ದು ಬರುತ್ತದೆ. ಇದ್ದರೆ ಅದೇ ಮೊದಲ ದಾರಿ. ನನ್ನ ಡಿಸ್ಕಿನಲ್ಲಿ ಅವು ಇರಲಿಲ್ಲ.

ಆದರೆ ಬ್ರಾಕೆಟ್ ತೆಗೆದ ಮೇಲೆ ಅದರ ಬೋಲ್ಟುಗಳು ಕೂರುವ ಎರಡು ಕಿವಿಗಳು ಡಿಸ್ಕಿನ ಹಿಂದೆ ಖಾಲಿ ಉಳಿಯುತ್ತವಲ್ಲ, ಅಲ್ಲಿಂದಲೇ ನೂಕುವುದು. ಬೇಕಾದದ್ದು ಇಷ್ಟೆ: ಆ ತೂತಿನಲ್ಲಿ ಸಲೀಸಾಗಿ ತೂರುವ, ತುದಿಯವರೆಗೂ ಮರೆ ಇರುವ ಉದ್ದದ ಬೋಲ್ಟ್, ಅದಕ್ಕೆ ನಟ್ಟು, ದಪ್ಪ ವಾಷರ್. ನನಗೆ 12 ಎಂಎಂ ಸರಿಯಾಯಿತು. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚು ಇರುವುದನ್ನೇ ಕೇಳಿ ತನ್ನಿ. ಅಚ್ಚಿಲ್ಲದ ಮೆದು ಬೋಲ್ಟಿನ ಮರೆ ಈ ಒತ್ತಡಕ್ಕೆ ಉಜ್ಜಿ ಹೋಗುತ್ತದೆ.

ಬೋಲ್ಟನ್ನು ಗಾಡಿಯ ಒಳಬದಿಯಿಂದ ಕಿವಿಯ ತೂತಿಗೆ ತೂರಿಸಿ, ಕಿವಿಗೂ ಡಿಸ್ಕಿಗೂ ನಡುವಿನ ಸಂದಿಯಲ್ಲಿ ಅದಕ್ಕೆ ವಾಷರ್, ಆಮೇಲೆ ನಟ್ಟು ಹಾಕಬೇಕು. ಬೋಲ್ಟಿನ ತುದಿ ಡಿಸ್ಕಿನ ಹಿಂಬದಿಗೆ ತಾಗುವವರೆಗೆ ಕೈಯಲ್ಲೇ ತಿರುಗಿಸಿ. ಈಗ ನಟ್ಟನ್ನು ಒಂದು ಸ್ಪ್ಯಾನರಿನಲ್ಲಿ ಅಲ್ಲಾಡದಂತೆ ಹಿಡಿದು ಬೋಲ್ಟಿನ ತಲೆಯನ್ನು ಇನ್ನೊಂದರಲ್ಲಿ ತಿರುಗಿಸಿದರೆ ನಟ್ಟು ಕಿವಿಗೆ ಒರಗಿ ನಿಲ್ಲುತ್ತದೆ, ಬೋಲ್ಟು ಡಿಸ್ಕನ್ನು ಹೊರಗೆ ನೂಕುತ್ತದೆ. ಕಿವಿಯ ತೂತಿನಲ್ಲೇ ಮರೆ ಇರುವ ಗಾಡಿಯಾದರೆ ಅದೇ ಮರೆಯ ಉದ್ದ ಬೋಲ್ಟ್ ಸಾಕು, ನಟ್ಟು ಬೇಡ.

ಇದಕ್ಕೂ ಮುಂಚೆ ಚಕ್ರದ ಎರಡು ನಟ್ಟುಗಳನ್ನು ಸ್ಟಡ್ಡಿನ ತುದಿಗೆ ನಾಲ್ಕೈದು ಸುತ್ತು ಹಾಕಿಡಿ. ಬಿಡುವಾಗ ಡಿಸ್ಕ್ ಒಮ್ಮೆಲೇ ಹಾರುತ್ತದೆ, ಪಿಕಪ್ಪಿನ ಡಿಸ್ಕ್ ಪಾದದ ಮೇಲೆ ಬಿದ್ದರೆ ಕಥೆ ಬೇರೆ.

ನೂಕುವುದು ಒಂದೇ ಬದಿಯಿಂದ, ಆದ್ದರಿಂದ ಡಿಸ್ಕ್ ಓರೆಯಾಗಿ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುವ ಅಪಾಯ ಉಂಟು. ಬೋಲ್ಟ್ ಬಿಗಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಟೋಪಿಯ ಮುಖಕ್ಕೆ ಎದುರು ಬದಿಯಲ್ಲಿ ಚಿಕ್ಕ ಸುತ್ತಿಗೆಯಿಂದ ಎರಡು ಹೊಡೆದು, ಬೋಲ್ಟ್ ಸಡಿಲಿಸಿ, ಡಿಸ್ಕನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಅದೇ. ಸಂದಿಗೆ ಮತ್ತೆ ಸ್ಪ್ರೇ. ಮೊದಮೊದಲು ಎಂತದೂ ಆಗುವುದಿಲ್ಲ. ಆಮೇಲೆ ನಡುತೂತಿನ ಸುತ್ತ ಎಣ್ಣೆಯಲ್ಲಿ ಸಣ್ಣ ಗುಳ್ಳೆ ಕಾಣಿಸಿತು, ಕಂದು ಪುಡಿ ಎಣ್ಣೆಯ ಜೊತೆ ಹೊರಗೆ ಬಂತು. ಮುಂದಿನ ಬಿಗಿಗೆ ಢಣ್ ಎಂದು ಸದ್ದಾಗಿ ಡಿಸ್ಕ್ ಜಿಗಿದು ನಟ್ಟುಗಳಿಗೆ ಬಡಿದು ನಿಂತಿತು. ಭಾವ ಎರಡು ಹೆಜ್ಜೆ ಹಿಂದೆ ಸರಿದರು.

ಗ್ಯಾಸ್ ಬೆಂಕಿ ಬಿಡುವ ದಾರಿಯೂ ಉಂಟು. ನಾನು ಮನೆಯಲ್ಲಿ ಅದಕ್ಕೆ ಕೈ ಹಾಕುವುದಿಲ್ಲ. ಸ್ಪ್ರೇ ಹೊತ್ತಿಕೊಳ್ಳುತ್ತದೆ, ಬೇರಿಂಗಿನ ಗ್ರೀಸ್ ಕರಗುತ್ತದೆ, ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಿದ್ದ ಜಾಗಕ್ಕೆ ಬೆಂಕಿ ತಾಗಿದರೆ ಫಾಸ್ಜೀನ್ ಎಂಬ ವಿಷದ ಅನಿಲ ಹುಟ್ಟುತ್ತದೆ.

ಡಿಸ್ಕ್ ಕೈಗೆ ಬಂದ ಕೂಡಲೇ ಹೊಸದನ್ನು ಸಿಕ್ಕಿಸುವ ಆತುರ ಹಲವರಿಗೆ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಇಲ್ಲಿಂದ ಮುಂದೆ. ಹಬ್‌ನ ಮುಖದಲ್ಲಿ ತುಕ್ಕು ಹಕ್ಕಳೆಯಾಗಿ ನಿಂತಿರುತ್ತದೆ. ಅದರ ಮೇಲೆ ಹೊಸ ಡಿಸ್ಕ್ ಕೂರಿಸಿದರೆ ಅದು ಕೂದಲೆಳೆಯಷ್ಟು ಓರೆಯಾಗುತ್ತದೆ, ಹೊರ ಅಂಚಿಗೆ ಹೋಗುವಾಗ ಆ ಓರೆ ಇನ್ನೂ ದೊಡ್ಡದು. ಡಿಸ್ಕಿನ ಓಲಾಟ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ಮೀರಿದರೂ ಕ್ರಮೇಣ ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಸವೆದು ಪೆಡಲ್ ಮಿಡಿಯಲು ಶುರು. "ಹೊಸ ಡಿಸ್ಕ್ ಹಾಕಿದರೂ ನಡುಕ ಹೋಗಲಿಲ್ಲ, ಮಾಲು ಸರಿ ಇಲ್ಲ" ಎಂದು ಅಂಗಡಿಯವನಿಗೆ ಬೈಯುವವರು ಒಮ್ಮೆ ಹಬ್‌ನ ಮುಖ ನೋಡಬೇಕು.

ತಂತಿ ಬ್ರಷ್, ಆಮೇಲೆ ಎಮರಿ ಪೇಪರ್. ಸ್ಟಡ್ಡುಗಳ ಬುಡದಲ್ಲಿ ಬ್ರಷ್ ಹೋಗುವುದಿಲ್ಲ. ಪೇಪರನ್ನು ಚಿಕ್ಕ ಪಟ್ಟಿ ಮಾಡಿ ಬೆರಳ ತುದಿಯಲ್ಲಿ ಒತ್ತಿ ಉಜ್ಜಿದೆ. ಕಣ್ಣಿಗಿಂತ ಬೆರಳನ್ನು ನಂಬಬಹುದು: ಸವರಿದಾಗ ಎಲ್ಲೂ ತಡೆಯಬಾರದು. ಹೊಳೆಯಬೇಕೆಂದಿಲ್ಲ, ಕಪ್ಪಗಿದ್ದರೂ ನಡೆಯುತ್ತದೆ, ಎತ್ತರ ತಗ್ಗು ಇರಬಾರದು. ನಡುವಿನ ಉರುಟು ಏಣಿಗೆ ಕಾಪರ್ ಗ್ರೀಸನ್ನು ಬೆರಳಲ್ಲಿ ತೆಳ್ಳಗೆ ಸವರಿದೆ, ಮುಂದಿನ ಸಲ ಬಿಚ್ಚುವವನಿಗೆ ಉಪಕಾರ. ಸ್ಟಡ್ಡಿನ ಮರೆಗೆ ಹಚ್ಚಬೇಡಿ, ನಟ್ಟು ಬೇಕಾದ್ದಕ್ಕಿಂತ ಹೆಚ್ಚು ಬಿಗಿದು ಹೋಗುತ್ತದೆ. ಡಿಸ್ಕಿನ ಮೈಗಂತೂ ಹನಿಯೂ ತಾಗಬಾರದು.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಬಳಿದಿರುತ್ತಾರೆ, ಬ್ರೇಕ್ ಕ್ಲೀನರಿನಲ್ಲಿ ತೊಳೆದು ಹಾಕಿ. ಪ್ಯಾಡ್ ಹೊಸದು. ಕ್ಯಾಲಿಪರಿನ ಪಿಸ್ಟನ್ನನ್ನು ಸಿ ಕ್ಲ್ಯಾಂಪಿನಲ್ಲಿ ನಿಧಾನ ಒಳಗೆ ನೂಕುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಚೆಲ್ಲಿದರೆ ಪೇಂಟ್ ಕಿತ್ತು ಬರುತ್ತದೆ. ಬ್ರಾಕೆಟ್ ಬೋಲ್ಟುಗಳನ್ನು ಗಾಡಿಯ ಪುಸ್ತಕ ಹೇಳಿದ ಟಾರ್ಕಿಗೆ, ಅಂದರೆ ಬಿಗಿಯ ಅಳತೆಗೆ, ಬಿಗಿಯಿರಿ. ಬಲಗಡೆಯದಕ್ಕೂ ಇದೇ ಬೋಲ್ಟು, ಇದೇ ಕ್ರಮ. ಅದು ಇಷ್ಟು ಹಠ ಮಾಡಲಿಲ್ಲ.

ಗಾಡಿ ಹೊರಡಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಬೇಕು. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಒತ್ತು ನೆಲಕ್ಕೇ ಇಳಿಯುತ್ತದೆ, ಅಂಗಳದಿಂದ ನೇರ ಇಳಿಜಾರಿಗೆ ಹೋಗುವ ನಮ್ಮಂಥವರ ಮನೆಯಲ್ಲಿ ಇದನ್ನು ಮರೆಯುವಂತಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ ಮೆಲ್ಲಗೆ ತಗ್ಗಿಸುವುದು, ನಡುವೆ ತಣಿಯಲು ಬಿಡುವುದು, ಹೀಗೆ ಹತ್ತಿಪ್ಪತ್ತು ಸಲ ಮಾಡಿದರೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಅಡಿಕೆ ಚೀಲ ಹೇರುವುದು ಅದಾದ ಮೇಲೆ. ನೂರು ಕಿಲೋಮೀಟರ್ ಓಡುವುದರೊಳಗೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿ. ಹೊಸ ಡಿಸ್ಕ್ ಕೂತ ಮೇಲೆ ಅವು ಒಂಚೂರು ಸಡಿಲವಾಗುವುದುಂಟು.