ಹೆಗಲ ಹುಣ್ಣು, ಮುದ್ದೆಮಾಲು ಮತ್ತು ಮೂರು ತಿಂಗಳ ಗಡುವು: ಪ್ರಾಣಿ ಕಾನೂನು ಕಲಿಸಿದ ನನ್ನ ಅನುಭವ

ತುಮಕೂರಿನಲ್ಲಿ ವಕೀಲಿಕೆ ಮಾಡುತ್ತಲೇ ಇಲ್ಲಿನ ಕಾನೂನು ಕಾಲೇಜೊಂದರಲ್ಲಿ ನಾನು ಅರೆಕಾಲಿಕವಾಗಿ ಪಾಠ ಹೇಳುತ್ತಿದ್ದೇನೆ. ನಮ್ಮಲ್ಲಿ ಪ್ರಾಣಿಗಳ ಕಾನೂನು ಎಂಬ ಪ್ರತ್ಯೇಕ ಪತ್ರಿಕೆ ಇಲ್ಲ. ಆದರೆ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರಾಯೋಗಿಕ ಪತ್ರಿಕೆಯನ್ನು ಮುಗಿಸಬೇಕು. ಅದರಲ್ಲಿ ಅಣಕು ನ್ಯಾಯಾಲಯಕ್ಕೆ 30 ಅಂಕ, ಎರಡು ಮೊಕದ್ದಮೆಗಳ ವಿಚಾರಣೆಯನ್ನು ಕೂತು ನೋಡಿ ಬರೆಯುವುದಕ್ಕೆ 30, ಕಕ್ಷಿದಾರರ ಸಂದರ್ಶನ ಮತ್ತು ಇಂಟರ್ನ್‌ಶಿಪ್ ಡೈರಿಗೆ 30, ಮೌಖಿಕ ಪರೀಕ್ಷೆಗೆ 10. ಈ ನೂರು ಅಂಕಗಳ ಒಳಗೇ ನಾನು ಈ ವಿಷಯಕ್ಕೆ ಜಾಗ ಮಾಡಿಕೊಂಡೆ. ಶನಿವಾರ ಮಧ್ಯಾಹ್ನ ತರಗತಿಗಳು ಮುಗಿದ ಮೇಲೆ, ಬರಲು ಇಷ್ಟವಿದ್ದವರನ್ನು ಮಾತ್ರ ಕೂರಿಸಿಕೊಂಡು ಆರಂಭಿಸಿದೆ.

ಮೊದಲ ವರ್ಷ ಆರಂಭಿಸಿದ ರೀತಿಯೇ ತಪ್ಪಾಗಿತ್ತು. ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿ ಸುಪ್ರೀಂ ಕೋರ್ಟ್ 2014ರ ಮೇ 7ರಂದು ಎ. ನಾಗರಾಜ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಕೈಗೆತ್ತಿಕೊಂಡು, ಹಸಿವು ಬಾಯಾರಿಕೆಗಳಿಂದ, ಭಯದಿಂದ, ಅನನುಕೂಲದಿಂದ, ನೋವು ರೋಗಗಳಿಂದ ಮುಕ್ತಿ ಹಾಗೂ ಸಹಜವಾಗಿ ವರ್ತಿಸುವ ಸ್ವಾತಂತ್ರ್ಯ ಎಂಬ ಐದನ್ನೂ ಜೀವಿಗಳ ಮೇಲೆ ಕರುಣೆ ನಾಗರಿಕರ ಕರ್ತವ್ಯ ಎನ್ನುವ ಸಂವಿಧಾನದ 51ಎ(ಜಿ) ವಿಧಿಗೆ ಜೋಡಿಸಿ ಮೂರು ವಾರ ಉತ್ಸಾಹದಿಂದ ವಿವರಿಸಿದೆ. ಹುಡುಗರು ಬರೆದುಕೊಂಡರೇ ಹೊರತು ಬಾಯಿ ಬಿಡಲಿಲ್ಲ. ನಾಲ್ಕನೆಯ ವಾರ ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಮೇಡಂ, ನೀವು ಓದ್ತಾ ಇದ್ರೆ ನಮ್ಮಪ್ಪನೇ ಕಟಕಟೇಲಿ ನಿಂತಂಗೆ ಅನ್ಸುತ್ತೆ" ಎಂದ. ಅವನ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ತರಗತಿಯಲ್ಲಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ದನ, ಕುರಿ, ಮೇಕೆ ಸಾಕಿದ ಮನೆಗಳಿಂದಲೇ ಬಂದವರು ಎಂಬುದನ್ನು ನಾನು ಅವತ್ತಿನವರೆಗೆ ಕೇಳಿಯೇ ಇರಲಿಲ್ಲ. ಅವರಿಗೆ ಗೊತ್ತಿರುವುದನ್ನು ಕೇಳದೆ, ಅವರ ಮನೆಯವರನ್ನು ತಪ್ಪಿತಸ್ಥರಂತೆ ಕಾಣಿಸುವ ಪಾಠವನ್ನು ನಾನು ಮಾಡುತ್ತಿದ್ದೆ.

ಮರುವರ್ಷ ಆ ತೀರ್ಪನ್ನು ಕೊನೆಗೆ ಇಟ್ಟುಕೊಂಡು, 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಮೂರನೆಯ ಉಪಕಲಮಿನಿಂದ ಶುರು ಮಾಡಿದೆ. ನಿಗದಿತ ರೀತಿಯಲ್ಲಿ ಮಾಡಿದರೆ ಅಪರಾಧವಾಗದ ಕೆಲಸಗಳ ಪೈಕಿ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ಎಂದು ಅಲ್ಲಿ ಹೆಸರು ಹಿಡಿದೇ ಹೇಳಲಾಗಿದೆ. ಮೂಗುದಾರ ಎಂಬ ಮಾತು ಪಾರ್ಲಿಮೆಂಟಿನ ಕಾಯ್ದೆಯಲ್ಲಿ ಇರುವುದನ್ನು ಕಂಡಾಗ ಹುಡುಗರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಅದರ ಬೆನ್ನಿಗೇ ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳ ಕುರಿತಾದ 1965ರ ನಿಯಮಗಳನ್ನು ಓದಿಸಿದೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಐದು ಗಂಟೆ ಮೀರಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಬಾರದು, ಕತ್ತೆಯ ಮೇಲೆ 50 ಕಿಲೋಗಿಂತ ಹೆಚ್ಚು ಹೇರಬಾರದು, ಮೊಳೆ ಚುಚ್ಚಿದ ಕೋಲು ಬಳಸಬಾರದು ಎಂಬುವು ಅಲ್ಲಿವೆ. ಇವನ್ನು ಮನೆಯಲ್ಲಿ ಓದಿ ಹೇಳಿ, ಹಿರಿಯರು ಏನೆನ್ನುತ್ತಾರೆ ಎಂಬುದನ್ನು ಅವರದೇ ಮಾತಿನಲ್ಲಿ ಬರೆದು ತರಬೇಕೆಂಬುದು ಮೊದಲ ಮನೆಗೆಲಸವಾಯಿತು. ಕುಣಿಗಲ್ ಕಡೆಯ ಒಬ್ಬ ವಿದ್ಯಾರ್ಥಿನಿಯ ತಂದೆ, "ಮಟಮಟ ಮಧ್ಯಾಹ್ನ ಎತ್ತು ಬಿಚ್ಚೋಕೆ ಕಾನೂನು ಬೇಕೇನವ್ವ?" ಎಂದು ಕೇಳಿದ್ದರಂತೆ. ಆ ಒಂದು ಸಾಲಿನ ಮೇಲೆ ಒಂದು ಇಡೀ ಶನಿವಾರ ಚರ್ಚೆ ನಡೆಯಿತು, ಏಕೆಂದರೆ ಸ್ವಂತ ಎತ್ತಿಗೆ ಬೇಕಾಗದ ಕಾನೂನು ಬಾಡಿಗೆಗೆ ತಂದ ಎತ್ತಿಗೆ ಬೇಕಾಗಬಹುದು ಎಂದು ಇನ್ನೊಬ್ಬನು ಅಲ್ಲಿಯೇ ಉತ್ತರ ಕೊಟ್ಟಿದ್ದ.

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ನಮ್ಮ ಕಲಿಕೆಯ ಮುಖ್ಯವಾದ ಭಾಗ ಅಲ್ಲಿ ನಡೆಯುತ್ತದೆ ಎಂದೇ ನಾನು ಭಾವಿಸಿದ್ದೇನೆ. ಪ್ರತಿ ವಿದ್ಯಾರ್ಥಿಯೂ ಮಾಲೀಕರ ಒಪ್ಪಿಗೆ ಪಡೆದು ಒಂದೇ ಒಂದು ಪ್ರಾಣಿಯ ಮುಂದೆ ಒಂದು ಗಂಟೆ ನಿಲ್ಲಬೇಕು, ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಬಾರದು. ಶಿರಾದ ಒಬ್ಬ ವಿದ್ಯಾರ್ಥಿನಿ ಮೊದಲು ಬರೆದು ತಂದದ್ದು ಹೀಗಿತ್ತು: "ಎತ್ತು ಬಹಳ ನರಳುತ್ತಿತ್ತು, ಮಾಲೀಕನಿಗೆ ಕರುಣೆ ಇಲ್ಲ." ಅವಳನ್ನು ಮತ್ತೆ ಅದೇ ಎತ್ತಿನ ಬಳಿಗೆ ಕಳಿಸಿದೆ. ಎರಡನೆಯ ಸಲ ಬಂದ ಬರಹ ಬೇರೆಯಾಗಿತ್ತು: "ಜೋಡಿಯಲ್ಲಿ ಎಡಗಡೆಯ ಎತ್ತು. ನಾಲ್ಕು ಹಲ್ಲು. ಹೆಗಲಿನಲ್ಲಿ ನೊಗ ಕೂರುವ ಜಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು, ಅಂಚು ಒಣಗಿದೆ, ನಡುವೆ ಹಸಿ ಇದೆ. ಮೇಲೆ ಅರಿಶಿನ ಮತ್ತು ಎಣ್ಣೆ ಹಚ್ಚಿದ್ದಾರೆ. ನೆರಳಿಲ್ಲ. 11.20ಕ್ಕೆ ಬಕೆಟ್ಟಿನಲ್ಲಿ ನೀರು ಕುಡಿಸಿದರು."

ಈ ಆರು ಸಾಲುಗಳನ್ನು ನಾನು ಇಂದಿಗೂ ಪ್ರತಿ ತಂಡಕ್ಕೂ ಓದಿ ಹೇಳುತ್ತೇನೆ. ಹುಣ್ಣು ಇರುವುದಷ್ಟೇ ಅಪರಾಧವಲ್ಲ. ಗಾಯವಾಗಿ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ಕೆಲಸಕ್ಕೆ ಹೂಡುವುದು 11(1)(ಬಿ) ಪ್ರಕಾರ ಅಪರಾಧ. ಹಚ್ಚಿದ ಅರಿಶಿನವಾದರೋ, ಪ್ರಾಣಿಯ ಹೊಣೆ ಹೊತ್ತವನು ಅದರ ಯೋಗಕ್ಷೇಮಕ್ಕೆ ಸೂಕ್ತ ಕ್ರಮ ಕೈಗೊಳ್ಳಬೇಕೆಂಬ 3ನೇ ಕಲಮಿನ ಕರ್ತವ್ಯವನ್ನು ಮಾಲೀಕ ಮಾಡಿದ್ದಾನೆ ಎಂಬುದಕ್ಕೆ ಅವನ ಪರವಾದ ಸಾಕ್ಷ್ಯ. ಆದ್ದರಿಂದ ಹುಡುಗಿ ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಆಗಿತ್ತು, ಅದನ್ನು ಅವಳು ಕೇಳಿಯೂ ಇದ್ದಳು. "ಹೆಗಲು ಮಾಯೋ ತನಕ ನೊಗ ಹಾಕಿಲ್ಲ ಕಣವ್ವ, ಬೇಕಾದ್ರೆ ಊರಲ್ಲಿ ಕೇಳು" ಎಂಬ ಉತ್ತರ ಬಂದಿತ್ತು. ಕರುಣೆ ಇಲ್ಲದವನೆಂದು ಅವಳು ಅರ್ಧ ಗಂಟೆಯ ಹಿಂದೆ ಬರೆದಿದ್ದ ಮನುಷ್ಯ ಅವಳಿಗೆ ಕಡಲೆಪುರಿ ಕೊಟ್ಟು ಕೂರಿಸಿಕೊಂಡು ಹಲ್ಲು ನೋಡಿ ವಯಸ್ಸು ಹೇಳುವುದನ್ನು ಕಲಿಸಿದ್ದರು. ಸಾಕ್ಷಿಯನ್ನು ಪ್ರಶ್ನಿಸುವುದು ಹೇಗೆಂದು ನಾನು ಕೋಣೆಯೊಳಗೆ ಕೂತು ಇದಕ್ಕಿಂತ ಚೆನ್ನಾಗಿ ಕಲಿಸಲಾರೆ.

ನನ್ನಿಂದ ಆದ ಒಂದು ದೊಡ್ಡ ಲೋಪವನ್ನೂ ಇಲ್ಲಿ ಹೇಳಬೇಕು. ಮದುವೆ ಮೆರವಣಿಗೆಗೆ ಬಾಡಿಗೆಗೆ ಕೊಡುತ್ತಿದ್ದ ಒಂದು ಕುದುರೆಯ ಮುಂಗಾಲು ಊದಿಕೊಂಡು ನೆಲಕ್ಕೆ ಊರಲಾಗದಂತಾದಾಗ, ಅದನ್ನು ಊರಾಚೆಯ ಕೆರೆ ಅಂಗಳದಲ್ಲಿ ಬಿಟ್ಟು ಹೋಗಿದ್ದರು. ಇಬ್ಬರು ವಿದ್ಯಾರ್ಥಿಗಳು ಪಶುವೈದ್ಯರನ್ನು ಕರೆಸಿ, ಚಿತ್ರ ತೆಗೆದು, ದೂರು ಬರೆದು ತಂದರು. ಹಸಿವಿನಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು 11(1)(ಐ) ಅಡಿ ಬರುತ್ತದೆ. ಆದರೆ 31ನೇ ಕಲಮಿನ ಪ್ರಕಾರ 11(1)ರಲ್ಲಿ (ಎಲ್), (ಎನ್), (ಒ) ಖಂಡಗಳು ಮತ್ತು 12ನೇ ಕಲಂ ಮಾತ್ರ ಸಂಜ್ಞೇಯ, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದಂಥವು. ಉಳಿದವುಗಳಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಮಾಡುವಂತಿಲ್ಲ. ಠಾಣೆಯಿಂದ ನ್ಯಾಯಾಲಯಕ್ಕೆ ಹೋಗಿ ಎಂಬ ಹಿಂಬರಹ ಬಂತು. ಖಾಸಗಿ ದೂರು ಸಲ್ಲಿಸೋಣವೆಂದು ನಿರ್ಧರಿಸಿದೆವು. ಆ ಕರಡನ್ನು ನಾನು ನಾಲ್ಕು ಸಲ ತಿದ್ದಿದೆ. ಭಾಷೆ ಹದವಾಗಲಿ, ಮಕ್ಕಳು ಕಲಿಯಲಿ ಎಂಬುದು ನನ್ನ ಉದ್ದೇಶವಾಗಿತ್ತು. ನಡುವೆ ಸೆಮಿಸ್ಟರ್ ಪರೀಕ್ಷೆ ಬಂತು. ಕೊನೆಗೆ ಸಲ್ಲಿಸಲು ಹೊರಟಾಗ ಘಟನೆ ನಡೆದು ಮೂರು ತಿಂಗಳು ಒಂಬತ್ತು ದಿನವಾಗಿತ್ತು. ಈ ಕಾಯ್ದೆಯ 36ನೇ ಕಲಂ ಮೂರು ತಿಂಗಳು ಕಳೆದ ಮೇಲೆ ಮೊಕದ್ದಮೆ ಹೂಡುವುದಕ್ಕೆ ಅವಕಾಶ ಕೊಡುವುದಿಲ್ಲ.

ಮೊದಲ ಅಪರಾಧಕ್ಕೆ ಹತ್ತರಿಂದ ಐವತ್ತು ರೂಪಾಯಿ ದಂಡ, ಅಷ್ಟಕ್ಕೆ ಇಷ್ಟು ಕೊರಗೇ ಎಂದು ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳಿದರು. ದಂಡದ ಮೇಲ್ಮಿತಿ ದಶಕಗಳಿಂದ ಐವತ್ತು ರೂಪಾಯಿಯಲ್ಲೇ ನಿಂತಿರುವುದು ನಾಚಿಕೆಯ ಸಂಗತಿ, ನಿಜ. ಆದರೆ ಮಾಲೀಕನ ಅಪರಾಧ ಸಾಬೀತಾದ ಮೇಲೆ, ಪ್ರಾಣಿಯನ್ನು ಅವನ ಬಳಿಯೇ ಬಿಟ್ಟರೆ ಮತ್ತೆ ಹಿಂಸೆಯಾದೀತೆಂದು ಕಂಡರೆ ಅದನ್ನು ಅವನಿಂದ ಬಿಡಿಸುವ ಅಧಿಕಾರ 29ನೇ ಕಲಮಿನಲ್ಲಿ ನ್ಯಾಯಾಲಯಕ್ಕೆ ಇದೆ. ನಾವು ಕಳೆದುಕೊಂಡದ್ದು ಐವತ್ತು ರೂಪಾಯಿಯನ್ನಲ್ಲ, ಆ ಬಾಗಿಲನ್ನು. ವಿದ್ಯಾರ್ಥಿಗಳಿಬ್ಬರಿಗೂ ತಪ್ಪು ನನ್ನದೆಂದು ತರಗತಿಯ ಎದುರಿಗೇ ಹೇಳಿದೆ. ಅಂದಿನಿಂದ ನಮ್ಮಲ್ಲಿ ಬರೆಯುವ ಪ್ರತಿ ಕರಡಿನ ತಲೆಯ ಮೇಲೂ ಎರಡು ದಿನಾಂಕಗಳಿರುತ್ತವೆ: ಘಟನೆಯ ದಿನ, ಗಡುವಿನ ದಿನ. ತಿದ್ದುವುದು ಎರಡು ಸಲ ಮಾತ್ರ. ಪ್ರಾಣಿಯನ್ನು ಕೊಂದ, ಊನಗೊಳಿಸಿದ ಪ್ರಕರಣಗಳಾದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅನ್ವಯಿಸುತ್ತದೆಯೇ ಎಂದು ಮೊದಲೇ ನೋಡುತ್ತೇವೆ. ಅಲ್ಲಿ ಐದು ವರ್ಷದವರೆಗೆ ಸೆರೆವಾಸವಿದೆ. ಹಳೆಯ ದಂಡ ಸಂಹಿತೆಯಲ್ಲಿ ಇದ್ದ ಹತ್ತು ರೂಪಾಯಿ, ಐವತ್ತು ರೂಪಾಯಿ ಬೆಲೆಯ ಪ್ರಾಣಿ ಎಂಬ ಲೆಕ್ಕ ಹೋಗಿದೆ.

ನ್ಯಾಯಾಲಯದ ಡೈರಿ ಬರೆಸುವಾಗ ಮತ್ತೊಂದು ವಿಷಯ ತಾನಾಗಿಯೇ ತೆರೆದುಕೊಂಡಿತು. ಒಬ್ಬ ವಿದ್ಯಾರ್ಥಿ ತನ್ನ ಟಿಪ್ಪಣಿಯಲ್ಲಿ "ಮುದ್ದೆಮಾಲು: ಎರಡು ಕರು" ಎಂದು ಬರೆದು, ಕೆಳಗೆ ಪೆನ್ಸಿಲಿನಲ್ಲಿ "ಇವು ಈಗ ಎಲ್ಲಿ ಮೇಯುತ್ತಿವೆ?" ಎಂದು ಸೇರಿಸಿದ್ದ. ಮುದ್ದೆಮಾಲು ಎಂದರೆ ಮೊಕದ್ದಮೆಗಾಗಿ ಜಪ್ತಿಯಾದ ಸ್ವತ್ತು. ಜಪ್ತಿಯಾದ ಬೈಕು ಠಾಣೆಯ ಮುಂದೆ ಮಳೆಯಲ್ಲಿ ನಿಂತರೂ ಬೈಕಾಗಿಯೇ ಇರುತ್ತದೆ; ಕರುವಿಗೆ ಹೊತ್ತುಹೊತ್ತಿಗೆ ಹಾಲು ಬೇಕು. ಮುದ್ದೆಮಾಲು ಪ್ರಾಣಿಗಳ ಪಾಲನೆಗೆಂದೇ 2017ರ ನಿಯಮಗಳಿವೆ. ಮೊಕದ್ದಮೆ ಮುಗಿಯುವವರೆಗೆ ಪ್ರಾಣಿಯನ್ನು ಗೋಶಾಲೆಯಲ್ಲೋ, ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಪಿಂಜರಾಪೋಲಿನಲ್ಲೋ, ಪ್ರಾಣಿ ಕಲ್ಯಾಣ ಸಂಸ್ಥೆಯಲ್ಲೋ ಇರಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು, ಅದರ ವೆಚ್ಚವನ್ನು ಮಾಲೀಕನ ಮೇಲೆ ಹಾಕಬಹುದು. ಮಧ್ಯಂತರ ಸುಪರ್ದಿಗಾಗಿ, ಅಂದರೆ ಮೊಕದ್ದಮೆ ಮುಗಿಯುವ ತನಕ ಪ್ರಾಣಿಯನ್ನು ಯಾರ ವಶದಲ್ಲಿ ಇರಿಸಬೇಕೆಂದು ಕೇಳಲು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮಿನ ಅರ್ಜಿಯನ್ನು ನನ್ನ ವಿದ್ಯಾರ್ಥಿಗಳೆಲ್ಲರೂ ಈಗ ಬರೆಯಬಲ್ಲರು, ಮತ್ತು ಅದರಲ್ಲಿ ಮೇವಿನ ದಿನದ ಖರ್ಚನ್ನು ರೂಪಾಯಿಯಲ್ಲಿ ನಮೂದಿಸುತ್ತಾರೆ. ಆ ಲೆಕ್ಕವನ್ನು ಅವರು ಮನೆಯಲ್ಲಿ ಅಮ್ಮನನ್ನು ಕೇಳಿಯೇ ಬರೆಯುವುದು.

ಅಣಕು ನ್ಯಾಯಾಲಯದಲ್ಲಿ 2014ರ ತೀರ್ಪನ್ನೂ, ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ಅವಕಾಶ ಮಾಡಿಕೊಟ್ಟ ಕರ್ನಾಟಕದ ತಿದ್ದುಪಡಿಯನ್ನೂ ಸೇರಿಸಿ ಮೂರು ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿದ ಸಂವಿಧಾನ ಪೀಠದ 2023ರ ಮೇ 18ರ ತೀರ್ಪನ್ನೂ ಎದುರುಬದುರು ಇಡುತ್ತೇವೆ. ಗಾಡಿ ಓಟದ ಮನೆಯ ಹುಡುಗ ಓಟದ ವಿರುದ್ಧ, ಅದನ್ನು ಸಹಿಸದ ಹುಡುಗಿ ಓಟದ ಪರ ವಾದಿಸಬೇಕು. ಇದರಿಂದ ಯಾರ ಅಭಿಪ್ರಾಯ ಬದಲಾಯಿತೆಂದು ನಾನು ಕೇಳುವುದಿಲ್ಲ. ಊರಹಬ್ಬದ ಬಲಿಯ ಪ್ರಶ್ನೆಯನ್ನು ಮಾತ್ರ ವಾದಕ್ಕೆ ಇಡುವುದಿಲ್ಲ; ಧರ್ಮಕ್ಕೆ ಅಗತ್ಯವಾದ ರೀತಿಯಲ್ಲಿ ಕೊಲ್ಲುವುದನ್ನು ಹೊರಗಿಡುವ 28ನೇ ಕಲಮನ್ನೂ, ಕರ್ನಾಟಕದ 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವ ಊರಿನ ದೇವರನ್ನೂ ಹೆಸರಿಸದೆ ಓದುತ್ತೇವೆ. ತರಗತಿಯಲ್ಲಿ ಒಬ್ಬರ ಮನೆಯ ನಂಬಿಕೆ ಇನ್ನೊಬ್ಬರ ಅಂಕವಾಗಬಾರದು.

ಜಾತ್ರೆಯಲ್ಲಿ ಎತ್ತಿನ ಹೆಗಲು ನೋಡಿದ್ದ ಹುಡುಗಿ ಈಗ ಶಿರಾದಲ್ಲಿ ವಕೀಲಿಕೆ ಮಾಡುತ್ತಿದ್ದಾಳೆ. ಹೋದ ತಿಂಗಳು ಒಂದು ರಾತ್ರಿ ಫೋನ್ ಮಾಡಿ, "ಮೇಡಂ, ಘಟನೆ ಆಗಿ ಹನ್ನೊಂದು ದಿನ" ಎಂದೇ ಮಾತು ಶುರು ಮಾಡಿದಳು. ಒಂದೇ ಗಾಡಿಯಲ್ಲಿ ತುರುಕಿ ತಂದ ಮೇಕೆಗಳ ಪ್ರಕರಣ. ಅವುಗಳಲ್ಲಿ ಎರಡು ಗಬ್ಬ ಇದ್ದವು. ಗಾಯದ ಪ್ರಮಾಣಪತ್ರ ಸಿಕ್ಕಿದೆಯೇ, ಈಗ ನೀರು ಮೇವು ಯಾರು ಹಾಕುತ್ತಿದ್ದಾರೆ ಎಂದು ನಾನು ಕೇಳಿದೆ. ಪ್ರಮಾಣಪತ್ರ ಕೈಯಲ್ಲಿತ್ತು, ಮೇವಿನ ವ್ಯವಸ್ಥೆ ಇನ್ನೂ ಆಗಿರಲಿಲ್ಲ. ಸುಪರ್ದಿಯ ಅರ್ಜಿಯನ್ನು ಫೋನಿನಲ್ಲೇ ಸಾಲುಸಾಲಾಗಿ ಓದಿಕೊಂಡು ಮುಗಿಸುವ ಹೊತ್ತಿಗೆ ಹನ್ನೊಂದೂವರೆ ಆಗಿತ್ತು, ಬೆಳಗ್ಗೆ ಕೋರ್ಟು ಶುರುವಾಗುತ್ತಿದ್ದಂತೆ ಅದನ್ನು ಅವಳು ಸಲ್ಲಿಸಿದಳು.