ಒಂದು ಪತ್ರಿಕೆ, ಒಂದೇ ರೆಕಾರ್ಡ್: ಏಳು ಲೈಬ್ರರಿಗಳ ನಿಯತಕಾಲಿಕಗಳನ್ನು ಕೋಹಾಕ್ಕೆ ಏರಿಸಿದ ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಏಳು ಲೈಬ್ರರಿಗಳ ಪತ್ರಿಕೆಗಳು ಈಗ ಕೋಹಾ ಎಂಬ ಲೈಬ್ರರಿ ತಂತ್ರಾಂಶದ ಒಂದೇ ಕ್ಯಾಟಲಾಗಿನಲ್ಲಿವೆ. ಎರಡು ಕಾಲೇಜು, ಒಂದು ಹೈಸ್ಕೂಲು, ಉಳಿದವು ಹಳ್ಳಿ ವಾಚನಾಲಯಗಳು. ಹೆಚ್ಚುಕಡಿಮೆ 340 ಶೀರ್ಷಿಕೆ. ಯಾವ ಸಂಚಿಕೆ ಎಲ್ಲಿದೆ, ಕಾಗದದಲ್ಲೋ ಸಿಡಿಯಲ್ಲೋ ಪಿಡಿಎಫ್‌ನಲ್ಲೋ ಎಂದು ಒಂದೇ ಪುಟದಲ್ಲಿ ಕಾಣುತ್ತದೆ. ಇದು ಆಗುವ ಕೆಲಸ ಅಲ್ಲ ಎಂದವರು ಬೇಕಷ್ಟು ಜನ ಇದ್ದರು. ಅವರಲ್ಲಿ ಇಬ್ಬರು ಈಗ ನಮ್ಮ ಫೈಲ್ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮಾರ್ಕ್ ಎಂದರೆ ಕ್ಯಾಟಲಾಗಿನ ವಿವರಗಳನ್ನು ಸಂಖ್ಯೆ ಹಾಕಿದ ಫೀಲ್ಡ್, ಅದರೊಳಗಿನ ಉಪಫೀಲ್ಡುಗಳಲ್ಲಿ ಬರೆಯುವ ಪದ್ಧತಿ; ಮಾರ್ಕ್‌ಎಡಿಟ್ ಆ ರೆಕಾರ್ಡುಗಳನ್ನು ಒಟ್ಟಿಗೆ ತಿದ್ದುವ ತಂತ್ರಾಂಶ. ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ಶುರುವಿನಲ್ಲಿ ನಿಯಮದ ಪ್ರಕಾರವೇ ಹೋದೆವು. ಮುದ್ರಿತ ರೂಪಕ್ಕೆ ಒಂದು ರೆಕಾರ್ಡ್, ಆನ್‌ಲೈನಿಗೆ ಇನ್ನೊಂದು, ಸಿಡಿಗೆ ಮತ್ತೊಂದು. ನಡುವೆ 776ನೇ ಫೀಲ್ಡ್ ಹಾಕಿ ಕೊಂಡಿ. ಪುಸ್ತಕದಲ್ಲಿ ಓದುವಾಗ ಚಂದ. ಆದರೆ ನಮ್ಮಲ್ಲಿ ಒಂದೇ ಪತ್ರಿಕೆ ಬಿಡಿ ಸಂಚಿಕೆ, ರಟ್ಟು ಕಟ್ಟಿದ ಸಂಪುಟ, ಜೆರಾಕ್ಸ್ ಪ್ರತಿ, ಸಿಡಿ, ನಾವೇ ಮಾಡಿದ ಸ್ಕ್ಯಾನ್, ಜಾಲದ ಲಿಂಕ್ ಎಂದು ಆರು ವೇಷದಲ್ಲಿತ್ತು. ಕೆಲವೇ ತಿಂಗಳಲ್ಲಿ ರೆಕಾರ್ಡುಗಳ ಸಂಖ್ಯೆ 900 ದಾಟಿತು. 'ಪ್ರಬುದ್ಧ ಕರ್ನಾಟಕ' ಎಂದು ಹುಡುಕಿದರೆ ಹನ್ನೊಂದೋ ಹನ್ನೆರಡೋ ಸಾಲು ಬರುತ್ತಿತ್ತು. ಓದುಗರು ಮೊದಲನೆಯದನ್ನು ಒತ್ತುತ್ತಿದ್ದರು. ಅದರಲ್ಲಿ ತಮಗೆ ಬೇಕಾದ ವರ್ಷ ಇಲ್ಲವೆಂದರೆ ಪತ್ರಿಕೆಯೇ ಇಲ್ಲ ಎಂದು ಎದ್ದು ಹೋಗುತ್ತಿದ್ದರು. ಅದು ಪಕ್ಕದ ಬೀರುವಿನಲ್ಲೇ ಇರುತ್ತಿತ್ತು ಮಾರಾಯ್ರೆ!

ಇನ್ನೊಂದು ತೊಂದರೆ ಆಮದು ಮಾಡುವಾಗ ಬಂತು. ಎರಡು ರೆಕಾರ್ಡ್ ಒಂದೇ ಪತ್ರಿಕೆಯದೋ ಎಂದು ಗುರುತಿಸುವ ಹೊಂದಾಣಿಕೆ ನಿಯಮ, ಪತ್ರಿಕೆಗಳ ಅಂತಾರಾಷ್ಟ್ರೀಯ ಗುರುತು ಸಂಖ್ಯೆಯಾದ ಐಎಸ್‌ಎಸ್‌ಎನ್ ಮೇಲೆ ನಿಂತಿತ್ತು. ಐಎಸ್‌ಎಸ್‌ಎನ್ ಜಾರಿಗೆ ಬಂದದ್ದೇ 1970ರ ದಶಕದಲ್ಲಿ. ನಮ್ಮ ಹಳೆ ಕನ್ನಡ ಪತ್ರಿಕೆಗಳಿಗೆ ಅದು ಎಲ್ಲಿಂದ ಬರಬೇಕು? ಫೀಲ್ಡ್ ಖಾಲಿ ಇದ್ದದ್ದರಿಂದ ಯಾವುದೂ ಯಾವುದಕ್ಕೂ ಹೊಂದಲಿಲ್ಲ. ಪ್ರತಿ ಆಮದಿಗೂ ಹೊಸ ನಕಲು ಹುಟ್ಟಿತು.

ಆಗ ನಾನು ಇಟ್ಟ ಸಲಹೆ ಇಷ್ಟೇ. ಒಂದು ಪತ್ರಿಕೆಗೆ ಒಂದೇ ರೆಕಾರ್ಡ್. ಅದರ ಕೆಳಗೆ ಒಂದು ಲೈಬ್ರರಿಯ ಒಂದು ರೂಪಕ್ಕೆ ಒಂದೇ ಸಾಲು. ಸಂಚಿಕೆಗೊಂದು ಐಟಂ ಸಾಲು ಬೇಡವೇ ಬೇಡ. ಸಭೆಯಲ್ಲಿ ಒಬ್ಬರು ನಕ್ಕರು. "ಮಾಷೆ, ಇದು ಕ್ಯಾಟಲಾಗ್ ಅಲ್ಲ, ಅಂಗಡಿ ಲೆಕ್ಕ" ಅಂದರು. ಇರಲಿ. ಒಂದೇ ರೆಕಾರ್ಡಿನಲ್ಲಿ ಮುದ್ರಿತ ಮತ್ತು ಆನ್‌ಲೈನ್ ರೂಪ ಎರಡನ್ನೂ ತೋರಿಸುವುದು ನನ್ನ ಕಲ್ಪನೆಯೇನಲ್ಲ. ಪತ್ರಿಕೆಗಳನ್ನು ಒಟ್ಟಾಗಿ ಕ್ಯಾಟಲಾಗ್ ಮಾಡುವ ಅಮೆರಿಕದ ಲೈಬ್ರರಿ ಕೂಟ ಕಾನ್ಸರ್‌ನವರೂ ಅದಕ್ಕೆ ಅವಕಾಶ ಕೊಟ್ಟಿದ್ದಾರೆ. ನಾನು ಅದನ್ನು ಆರೂ ವೇಷಗಳಿಗೆ ಎಳೆದೆ, ಅಷ್ಟೇ.

ಮಾಡಿದ್ದು ಹೀಗೆ. ಮುಖ್ಯ ರೆಕಾರ್ಡ್ ಯಾವಾಗಲೂ ಮುದ್ರಿತ ರೂಪದ್ದು. ಐಎಸ್‌ಎಸ್‌ಎನ್ ಇದ್ದರೆ ಮುದ್ರಿತದ್ದು 022ನೇ ಫೀಲ್ಡಿನ ಎ ಉಪಫೀಲ್ಡಿನಲ್ಲಿ, ಎರಡಕ್ಕೂ ಸೇರಿದ ಕೊಂಡಿ ಸಂಖ್ಯೆ ಎಲ್-ನಲ್ಲಿ, ಆನ್‌ಲೈನಿನದ್ದು 776ರ ಎಕ್ಸ್-ನಲ್ಲಿ. ರೂಪ ಯಾವುದೆಂದು ಹೇಳುವ 007 ಅನ್ನು ಎಷ್ಟು ಸಲ ಬೇಕಾದರೂ ಹಾಕಬಹುದು. ಸಿಡಿಗೆ ಒಂದು, ಜಾಲಕ್ಕೆ ಒಂದು ಹಾಕಿದೆವು. ಲಿಂಕ್‌ಗಳು 856ರಲ್ಲಿ, ಯಾವ ಸಂಪುಟಗಳಿಗೆ ಎಂಬುದು ಅದರದೇ 3-ನೇ ಉಪಫೀಲ್ಡಿನಲ್ಲಿ. ಇದನ್ನು ಖಾಲಿ ಬಿಡುವವರೇ ಜಾಸ್ತಿ. ಆಮೇಲೆ ಓದುಗ ಲಿಂಕ್ ಒತ್ತಿ ಬೇರೆ ಯಾವುದೋ ವರ್ಷದ ಸಂಚಿಕೆ ನೋಡಿ ಬೈಯುತ್ತಾನೆ. ಉಳಿದ ರೂಪಗಳೆಲ್ಲ 952ರಲ್ಲಿ ಐಟಂ ಸಾಲುಗಳು. ಐಟಂ ಟೈಪಿನಲ್ಲಿ ಬಿಡಿ, ಕಟ್ಟು, ಜೆರಾಕ್ಸ್, ಸಿಡಿ, ಸ್ಕ್ಯಾನ್ ಎಂದು ಐದೇ ಬಗೆ. ಎಚ್ ಉಪಫೀಲ್ಡಿನಲ್ಲಿ "ಸಂ. 12–19, 14ರ 3 ಇಲ್ಲ, 17ರ 5–6 ಜಂಟಿ" ಎಂಬ ಥರ ಒಂದೇ ಬರಹ. ನಮ್ಮ ವಾಚನಾಲಯಗಳು ಪತ್ರಿಕೆಯನ್ನು ಮನೆಗೆ ಕೊಡುವುದಿಲ್ಲ. ಹಾಗಿರುವಾಗ ಪ್ರತಿ ಸಂಚಿಕೆಗೆ ಬಾರ್‌ಕೋಡ್ ಅಂಟಿಸಿ ಏನು ಮಾಡುವುದು? ಕಾಲೇಜುಗಳ ಕಟ್ಟು ಸಂಪುಟಗಳಿಗೆ ಮಾತ್ರ ಬಾರ್‌ಕೋಡ್ ಇದೆ.

ಮುಂದಿನ ಸಂಚಿಕೆ ಯಾವಾಗ ಬರುತ್ತದೆ ಎಂದು ಊಹಿಸುವ, ಕೋಹಾದ ಸೀರಿಯಲ್ಸ್ ಮಾಡ್ಯೂಲಿನ ಮುನ್ಸೂಚನೆಯನ್ನು ನಾವು ಮುಟ್ಟಲೇ ಇಲ್ಲ. ದೀಪಾವಳಿ ವಿಶೇಷಾಂಕ ಕೆಲವು ಪತ್ರಿಕೆಗಳಲ್ಲಿ ಸಂಖ್ಯೆಯ ಒಳಗೆ ಬರುತ್ತದೆ, ಕೆಲವದರಲ್ಲಿ ಹೊರಗೆ. ಸಾಹಿತ್ಯ ಪತ್ರಿಕೆಗಳು ಹಣ ಇಲ್ಲದಾಗ ಮೂರು ಸಂಚಿಕೆಯನ್ನು ಒಟ್ಟು ಮಾಡಿ ಒಂದಾಗಿ ತರುತ್ತವೆ. ಇದನ್ನೆಲ್ಲ ಕಂಪ್ಯೂಟರ್ ಹೇಗೆ ಊಹಿಸೀತು?

ಹೆಸರು ಬದಲಾದಾಗ ಮಾತ್ರ ನಾನು ಕಟ್ಟುನಿಟ್ಟು. ಪ್ರಕಾಶಕರು ಬದಲಾದರೆ ಹೊಸ ರೆಕಾರ್ಡ್ ಬೇಡ. 'ಪ್ರಬುದ್ಧ ಕರ್ನಾಟಕ' 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟಿತು, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕೈಗೆ ಹೋಯಿತು. ಹೆಸರು ಅದೇ, ಹಾಗಾಗಿ ರೆಕಾರ್ಡೂ ಅದೇ. 1843ರ 'ಮಂಗಳೂರ ಸಮಾಚಾರ' ಹಾಗಲ್ಲ. ಅದು ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಅದಕ್ಕೆ ಎರಡು ರೆಕಾರ್ಡ್ ಮಾಡಿ ನಡುವೆ ಹಿಂದಿನ, ಮುಂದಿನ ಹೆಸರು ತೋರಿಸುವ 780, 785 ಹಾಕಬೇಕು. ನಮ್ಮಲ್ಲಿರುವುದು ಅದರ ಜೆರಾಕ್ಸ್ ಮಾತ್ರ. ಆದರೂ ವಿದ್ಯಾರ್ಥಿಗಳಿಗೆ ಕಲಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಅಡಿಕೆ, ಕೊಕ್ಕೊ, ಸಾಂಬಾರ ಬೆಳೆಗಳ ಇಂಗ್ಲಿಷ್ ಪತ್ರಿಕೆಗಳಲ್ಲೂ ಇದೇ ಗೋಳು. ಹೆಸರಿನಲ್ಲಿ ಒಂದು ಬೆಳೆ ಸೇರುತ್ತದೆ, ಇನ್ನೊಂದು ಬಿಡುತ್ತದೆ. ಕೃಷಿಕರು ಮಾತ್ರ ಎಲ್ಲವನ್ನೂ "ಅಡಿಕೆಯ ಆ ಇಂಗ್ಲಿಷ್ ಪತ್ರಿಕೆ" ಎಂದೇ ಕೇಳುತ್ತಾರೆ. ಆ ಮಾತನ್ನೂ ಬೇರೆ ಹೆಸರುಗಳ ಫೀಲ್ಡಾದ 246ರಲ್ಲಿ ಹಾಕಿಬಿಟ್ಟಿದ್ದೇನೆ. ನಗಬೇಡಿ, ಅದರಿಂದಲೇ ಹುಡುಕುವವರಿದ್ದಾರೆ.

ಅತಿ ಹೆಚ್ಚು ಹೊತ್ತು ತಿಂದದ್ದು ವರ್ಷ ಗುರುತಿಸುವ ಕೆಲಸ. ಹೊದಿಕೆ ಹರಿದ ಕಟ್ಟುಗಳಲ್ಲಿ ಎಷ್ಟೋ ಸಲ ಸಂವತ್ಸರ ಮಾತ್ರ ಉಳಿದಿರುತ್ತದೆ. ಯುವ ಸಂವತ್ಸರ ಎಂದರೆ 1935–36 ಇರಬಹುದು, 1995–96 ಇರಬಹುದು. ಕಾಗದ ನೋಡಿದರೆ ಅದೇನೋ ಗೊತ್ತಾಗುತ್ತದೆ. ಆದರೆ ಸಂವತ್ಸರವೂ ಇಲ್ಲದ ಬಿಡಿ ಹಾಳೆಗಳನ್ನು ಏನು ಮಾಡುವುದು? ಅದಕ್ಕೆ ನಾನೊಂದು ಪಟ್ಟಿ ಮಾಡಿಕೊಂಡೆ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲಿಗೆ ಮುಂಚಿನದು. ನಯೇ ಪೈಸೆ ಅಂತಿದ್ದರೆ ಅದರ ನಂತರದ ಕೆಲವು ವರ್ಷಗಳದ್ದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನ ಆಚೆಯದು. ಮೈಸೂರು ರಾಜ್ಯ ಅಂತಿದ್ದರೆ 1973ರ ನವೆಂಬರಿನ ಈಚೆಯದು ಆಗಿರಲಾರದು. ನಮ್ಮ ಊರಿನ ವಿಳಾಸವಂತೂ ಇನ್ನೂ ಚೆನ್ನಾಗಿ ಮಾತಾಡುತ್ತದೆ. ಕಾಸರಗೋಡಿನ ಮುಂದೆ ದಕ್ಷಿಣ ಕನ್ನಡ ಎಂದು ಅಚ್ಚಾಗಿದ್ದರೆ 1956ರ ನವೆಂಬರಿಗೆ ಮೊದಲು. ಕಣ್ಣೂರು ಜಿಲ್ಲೆ ಎಂದಿದ್ದರೆ 1957ರಿಂದ 1984ರ ಮೇ ತಿಂಗಳ ಒಳಗೆ. ಕಾಸರಗೋಡು ಜಿಲ್ಲೆ ಎಂದಿದ್ದರೆ ಅದರ ನಂತರ. ಹಠಕ್ಕೆ ಬಿದ್ದು ದಕ್ಷಿಣ ಕನ್ನಡ ಎಂದೇ ಬರೆಯುತ್ತಿದ್ದ ಹಿರಿಯರೂ ಇದ್ದರು. ಅದಕ್ಕೇ ಒಂದೇ ಗುರುತನ್ನು ನಂಬುವುದಿಲ್ಲ, ಎರಡು ಕೂಡಿಬಂದರೆ ಮಾತ್ರ ವರ್ಷ ಹಾಕುತ್ತೇನೆ. ಇನ್ನೂ ಎರಡು ಗುರುತುಗಳಿವೆ. ಅವನ್ನು ಇಲ್ಲಿ ಹೇಳುವುದಿಲ್ಲ. ನಮ್ಮಲ್ಲಿ ಬಂದು ಒಂದು ವಾರ ಧೂಳು ಕುಡಿದವರಿಗೆ ಮಾತ್ರ ತೋರಿಸುತ್ತೇನೆ.

ಅಕ್ಷರದ ಕಾಟ ಬೇರೆ. ಹಳ್ಳಿ ವಾಚನಾಲಯಗಳ ರಿಜಿಸ್ಟರಿನಲ್ಲಿ 'ಕಸ್ತೂರಿ', 'ಮಯೂರ', 'ತುಷಾರ' ಎಲ್ಲವೂ ಮಲಯಾಳ ಲಿಪಿಯಲ್ಲಿವೆ. ಕಾಲೇಜಿನ ಪಟ್ಟಿ ಇಂಗ್ಲಿಷಿನಲ್ಲಿ, ಪ್ರಬುದ್ಧ ಎಂಬುದಕ್ಕೆ ಮೂರು ಸ್ಪೆಲ್ಲಿಂಗ್. ಹೈಸ್ಕೂಲಿನದ್ದು ನುಡಿ ತಂತ್ರಾಂಶದಲ್ಲಿ. ನುಡಿಯಿಂದ ಯೂನಿಕೋಡಿಗೆ ತಂದಾಗ ಕರ್ನಾಟಕ ಎಂಬ ಪದದ 'ರ' ಒಳಗೆ ಕಣ್ಣಿಗೆ ಕಾಣದ, ಅಕ್ಷರ ಜೋಡಿಸುವ ಗುರುತಾದ ಝಡ್‌ಡಬ್ಲ್ಯೂಜೆ ಕೂತುಕೊಂಡಿತು. ಪರದೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಮಾರ್ಕ್‌ಎಡಿಟ್‌ನಲ್ಲಿ ಒಟ್ಟಿಗೆ ಕಿತ್ತುಹಾಕಿದೆವು. ರ‍್ಯಾಂಕ್, ರ‍್ಯಾಲಿ ಥರದ ಪದಗಳಲ್ಲಿ ಮಾತ್ರ ಅದು ಬೇಕು, ಅವನ್ನು ಮೊದಲೇ ಬದಿಗಿಟ್ಟುಕೊಳ್ಳಿ. ಕೋಹಾದ ಹುಡುಕಾಟಕ್ಕೆ ಝೀಬ್ರಾ ಎಂಬ ಸೂಚಿ ತಂತ್ರಾಂಶ ಬಳಸುವವರು ಅದರ ಸಿಎಚ್‌ಆರ್ ಬಿಟ್ಟು ಯೂನಿಕೋಡ್ ಬಲ್ಲ ಐಸಿಯು ಸೂಚಿಗೆ ಹೋಗಲೇಬೇಕು. ಇಲ್ಲದಿದ್ದರೆ ಕನ್ನಡ ಹುಡುಕಾಟದ ಆಸೆ ಬಿಡಿ. ಐಎಸ್‌ಎಸ್‌ಎನ್ ಇಲ್ಲದ ಪತ್ರಿಕೆಗಳಿಗೆ ಹೆಸರಿನ ಮೊದಲಕ್ಷರಗಳು, ಆರಂಭದ ವರ್ಷ, ಊರು ಸೇರಿಸಿ ನಮ್ಮದೇ ಒಂದು ಸಂಖ್ಯೆ ಮಾಡಿದೆವು. ಹೊಂದಾಣಿಕೆ ನಿಯಮ ಈಗ ಅದರ ಮೇಲೆ ನಿಂತಿದೆ. ನಕಲು ಹುಟ್ಟುವುದು ನಿಂತಿತು. 900 ಚಿಲ್ಲರೆ ರೆಕಾರ್ಡ್ ಕರಗಿ 360ರ ಹತ್ತಿರ ಬಂತು. ಹೆಸರು ಬದಲಾದವು ಸೇರಿ ಅಷ್ಟು.

ಈಗ ದುಡ್ಡಿನ ವಿಷಯ. ಮೊದಲು ಕಂಪನಿಯೊಂದರಿಂದ ಕೊಟೇಶನ್ ತರಿಸಿದ್ದೆವು. ಆರು ಲಕ್ಷದ ಮೇಲೆ, ಸ್ಕ್ಯಾನಿಂಗ್ ಬೇರೆ. ಕಾಗದ ಮಡಚಿ ಇಟ್ಟೆವು. ಕಾಲೇಜಿನ ಹಳೆ ಡೆಸ್ಕ್‌ಟಾಪಿನಲ್ಲೇ ಕೋಹಾ ಹಾಕಿದೆವು. ತುಲಾ ತಿಂಗಳ ಒಂದು ಸಂಜೆಯ ಸಿಡಿಲಿಗೆ ರೂಟರ್, ಸ್ವಿಚ್, ಯುಪಿಎಸ್ ಒಟ್ಟಿಗೆ ಹೋದವು. ಹದಿನೈದು ಸಾವಿರ ನೀರುಪಾಲು. ಡಿಸ್ಕ್ ಉಳಿದದ್ದು ದೇವರ ದಯೆ. ಆಮೇಲೆ ತಿಂಗಳಿಗೆ ಸಾವಿರದ ಆಸುಪಾಸಿನ ಬಾಡಿಗೆ ಸರ್ವರಿಗೆ ಹೋದೆವು. ಏಳು ಲೈಬ್ರರಿ ಹಂಚಿಕೊಂಡರೆ ಒಬ್ಬರಿಗೆ ನೂರೈವತ್ತೂ ಆಗುವುದಿಲ್ಲ. ಪುಸ್ತಕ ಸ್ಕ್ಯಾನರಿನ ಬದಲು ಬದಿಯಡ್ಕದ ವೆಲ್ಡಿಂಗ್ ಶಾಪಿನಲ್ಲಿ ಒಂದು ಸ್ಟ್ಯಾಂಡ್ ಮಾಡಿಸಿದೆ. ಗಾಜು, ಎರಡು ಎಲ್ಇಡಿ, ಮೇಲೆ ಮೊಬೈಲ್. ಎರಡೂವರೆ ಸಾವಿರ. ದೊಡ್ಡ ಖರ್ಚು ಹುಡುಗರ ಕೂಲಿ ಮತ್ತು ಬಸ್‌ಚಾರ್ಜು. ಎಲ್ಲ ಸೇರಿ ಮೂರು ವರ್ಷಕ್ಕೆ ಒಂದೂವರೆ ಲಕ್ಷದ ಒಳಗೇ ಮುಗಿದಿರಬೇಕು.

ನಡುವೆ ಬೇಡದ ಪ್ರಯೋಗಗಳನ್ನೂ ಮಾಡಿದೆ. ಹುಳ ಹಿಡಿದ ಕಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಗೆಳೆಯರ ಐಸ್‌ಕ್ರೀಮ್ ಫ್ರೀಜರಿನಲ್ಲಿ ಎರಡು ವಾರ ಇಟ್ಟೆ. ಹುಳ ಸತ್ತವು. ಹೊರಗೆ ತೆಗೆದ ಮೇಲೆ ಒಂದು ದಿನ ಬಿಚ್ಚದೆ ಇಡಿ, ಇಲ್ಲದಿದ್ದರೆ ನೀರು ಕೂರುತ್ತದೆ. ಗೆಳೆಯನ ಹೆಂಡತಿ ಇವತ್ತಿಗೂ ನನ್ನನ್ನು ಕಂಡರೆ ಫ್ರೀಜರಿನ ಬೀಗ ನೋಡುತ್ತಾರೆ. ಟೆಸ್ಸೆರ‍್ಯಾಕ್ಟ್‌ನ ಕನ್ನಡದಲ್ಲಿ ಪರಿವಿಡಿ ಪುಟಗಳ ಚಿತ್ರದಿಂದ ಅಕ್ಷರ ಓದಿಸಿದೆ. ಮೊಳೆ ಜೋಡಿಸಿ ಮುದ್ರಿಸಿದ ಹಳೆ ಪುಟಗಳಲ್ಲಿ ಒತ್ತಕ್ಷರ ಎಲ್ಲ ಚಿತ್ರಾನ್ನ. 1990ರ ನಂತರದ್ದು ಪರವಾಗಿಲ್ಲ. ಹಳೆಯದನ್ನು ಕೈಯಲ್ಲೇ ಟೈಪ್ ಮಾಡಿಸುತ್ತಿದ್ದೇವೆ, ಅದೂ ಪಿಎಚ್‌ಡಿಯವರು ಕೇಳಿದ ಪತ್ರಿಕೆಗಳದ್ದು ಮಾತ್ರ. ಸಿಡಿಗಳ ಕತೆ ಕೇಳಬೇಡಿ. ನಮ್ಮ ಮಳೆಗಾಲಕ್ಕೆ ಅವು ತಡೆಯುವುದಿಲ್ಲ. ಮೂರರಲ್ಲಿ ಒಂದು ಓದಲಿಲ್ಲ. ಓದಿದವನ್ನು ಎರಡು ಹಾರ್ಡ್‌ಡಿಸ್ಕಿಗೆ ಹಾಕಿ ಎರಡು ಊರಲ್ಲಿ ಇಟ್ಟಿದ್ದೇವೆ.

ಸ್ಕ್ಯಾನ್ ಮಾಡಿದ್ದನ್ನು ಜಾಲಕ್ಕೆ ಏರಿಸಿಲ್ಲ. ಕಾಗದದ ಪ್ರತಿ ಇರುವ ಲಾಭರಹಿತ ಸಾರ್ವಜನಿಕ ಗ್ರಂಥಾಲಯ ಕಾಪಾಡುವ ಉದ್ದೇಶಕ್ಕೆ ಡಿಜಿಟಲ್ ಪ್ರತಿ ಇಟ್ಟುಕೊಳ್ಳಲು 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯಿದೆಯಲ್ಲೇ ಅವಕಾಶವಿದೆ. ಹಂಚಲು ಅಲ್ಲ. ಹಾಗಾಗಿ ಆ ಸಾಲಿನಲ್ಲಿ "ಲೈಬ್ರರಿಯ ಕಂಪ್ಯೂಟರಿನಲ್ಲಿ ಮಾತ್ರ" ಎಂದಿದೆ. ಕಾಲೇಜುಗಳು ಚಂದಾದಲ್ಲಿ ಪಡೆಯುವ ಇಂಗ್ಲಿಷ್ ಜರ್ನಲುಗಳ ಲಿಂಕ್ ಬೇರೆ ತಲೆನೋವು. 2025ರ ಜನವರಿಯಲ್ಲಿ ಕೇಂದ್ರ ಸರಕಾರವೇ ಜರ್ನಲುಗಳಿಗೆ ಒಟ್ಟಾಗಿ ಚಂದಾ ಕಟ್ಟುವ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಬಂದ ಮೇಲೆ ಯಾವ ಕಾಲೇಜಿಗೆ ಯಾವುದು ಸಿಗುತ್ತದೆ ಎಂದು ಮತ್ತೆ ಕೂತು ನೋಡಬೇಕಾಯಿತು. ಒಂದೇ ರೆಕಾರ್ಡ್ ಇದ್ದದ್ದರಿಂದ 856 ಒಂದನ್ನು ತಿದ್ದಿದರೆ ಮುಗಿಯಿತು. ಹಳೆ ಪದ್ಧತಿಯಲ್ಲಿದ್ದಿದ್ದರೆ ಈಗಲೂ ಅದರಲ್ಲೇ ಇರುತ್ತಿದ್ದೆವು.

ನಿಜವಾದ ಉಳಿತಾಯ ಕಂಡದ್ದು ಬೈಂಡಿಂಗಿನಲ್ಲಿ. ಸಂಪುಟಕ್ಕೆ ಇನ್ನೂರೈವತ್ತು, ಮುನ್ನೂರು ಆಗುತ್ತದೆ. ಮೊದಲು ಏಳೂ ಕಡೆ 'ಕಸ್ತೂರಿ' ಕಟ್ಟಿಸುತ್ತಿದ್ದರು, ಏಳೂ ಕಡೆ ಒಂದೊಂದು ಸಂಚಿಕೆ ಇಲ್ಲದೆ. ಈಗ ಎಲ್ಲರ ಬಿಡಿ ಸೇರಿಸಿ ಎರಡು ಪೂರ್ಣ ಸೆಟ್ ಮಾತ್ರ ಕಟ್ಟಿಸುತ್ತೇವೆ, ಒಂದು ಕಾಲೇಜಿಗೆ, ಒಂದು ಕುಂಬಳೆಯ ಕಡೆಗೆ. ಹೆಚ್ಚಾದ ಪ್ರತಿಗಳನ್ನು ಬದಲಿಗೆ ಕೊಡುತ್ತೇವೆ. ಈ ಬೇಸಗೆಯಲ್ಲಿ ಪುತ್ತೂರಿನ 'ಅಡಿಕೆ ಪತ್ರಿಕೆ'ಯನ್ನು 1988ರಿಂದ ಪೂರ್ತಿ ಮಾಡಬೇಕೆಂದಿದ್ದೇವೆ. ಮೊದಲ ವರ್ಷಗಳ ನಾಲ್ಕೈದು ಸಂಚಿಕೆ ಇನ್ನೂ ಸಿಕ್ಕಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಹೇಳಿ. ಬದಲಿಗೆ ನಮ್ಮಲ್ಲಿ ಡಬ್ಬಲ್ ಇರುವ 'ಮಯೂರ', 'ತುಷಾರ'ಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು.