ಏರ್ ಪ್ಯೂರಿಫೈಯರ್ ಓಝೋನ್ ಬಿಡುತ್ತಿದೆಯೇ? ಪರೀಕ್ಷಿಸುವುದು ಹೀಗೆ

ಮನೆಯ ಮುಗ್ಗಲು ವಾಸನೆ ಹೋಗಲೆಂದೋ ಅಸ್ತಮಾ ಇರುವ ಮಗುವಿಗೆ ಅನುಕೂಲವಾಗಲೆಂದೋ ಏರ್ ಪ್ಯೂರಿಫೈಯರ್ ತರುವವರು ಮೊದಲು ಪೆಟ್ಟಿಗೆಯ ಮೇಲಿನ ಬರಹವನ್ನು ಓದಬೇಕು. ‘ಓಝೋನ್’, ‘ಆ್ಯಕ್ಟಿವೇಟೆಡ್ ಆಕ್ಸಿಜನ್’ ಎಂಬ ಪದಗಳಿದ್ದರೆ ಅದು ಗಾಳಿಯನ್ನು ಸೋಸುವ ಯಂತ್ರವಲ್ಲ. ಗಾಳಿಗೆ ಇನ್ನೊಂದು ಅನಿಲವನ್ನು ಬೆರೆಸುವ ಯಂತ್ರ. ‘ಅಯಾನೈಜರ್’ ಎಂದಿದ್ದರೂ ಎಚ್ಚರ ಬೇಕು, ಏಕೆಂದರೆ ಅಯಾನು, ಅಂದರೆ ವಿದ್ಯುದಾವೇಶವಿರುವ ಕಣ, ಬಿಡುವ ಯಂತ್ರಗಳಿಂದಲೂ ಕೆಲವು ಬಗೆಯ ಯುವಿ ದೀಪಗಳಿಂದಲೂ ಓಝೋನ್ ಹೊಮ್ಮಬಹುದು.

ಓಝೋನ್ ಅಣುವಿನಲ್ಲಿ ಆಮ್ಲಜನಕದ ಮೂರು ಪರಮಾಣುಗಳಿವೆ. ಮೂರನೆಯದು ಸುಲಭವಾಗಿ ಕಳಚಿಕೊಂಡು ಎದುರು ಸಿಕ್ಕಿದ್ದರೊಡನೆ ವರ್ತಿಸುತ್ತದೆ. ದುರ್ವಾಸನೆಯ ಕಣವನ್ನು ಒಡೆಯುವ ಈ ಗುಣವೇ ನಮ್ಮ ಶ್ವಾಸನಾಳದ ಒಳಪದರವನ್ನೂ ಕೆರಳಿಸುತ್ತದೆ. ಗಂಟಲು ಕೆರೆತ, ಕೆಮ್ಮು, ಎದೆನೋವು, ಉಸಿರಾಡಲು ಕಷ್ಟ ಇದರ ಲಕ್ಷಣಗಳು; ಅಸ್ತಮಾ ಇದ್ದವರಲ್ಲಿ ಅದು ಉಲ್ಬಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 8 ಗಂಟೆಗಳ ಸರಾಸರಿಗೆ ಸೂಚಿಸಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ; ಭಾರತದ 2009ರ ವಾಯುಗುಣಮಟ್ಟದ ಮಾನದಂಡದಲ್ಲೂ ಇದೇ ಅಂಕಿಯಿದೆ. ಈ ಮಿತಿಯೊಳಗಿನ ಓಝೋನ್‌ನಿಂದ ಗಾಳಿಯ ಕಲ್ಮಶ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ, ಕಲ್ಮಶ ಕಡಿಮೆಯಾಗುವಷ್ಟು ಬಿಟ್ಟರೆ ಆ ಕೋಣೆಯಲ್ಲಿ ಮನುಷ್ಯರು ಇರುವಂತಿಲ್ಲ. ಆದ್ದರಿಂದ ಮನೆಗೆ ಇಂಥ ಯಂತ್ರವೇ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈಗಾಗಲೇ ಕೊಂಡಿದ್ದರೆ, ಓಝೋನ್ ಮತ್ತು ಅಯಾನು ಗುಂಡಿಗಳನ್ನು ಆಫ್ ಮಾಡಿ, ಫ್ಯಾನು ಹಾಗೂ ಫಿಲ್ಟರ್ ಮಾತ್ರ ನಡೆಯಲಿ. ಆ ಬಳಿಕವೂ ಸಿಡಿಲು ಬಡಿದ ಮೇಲೆ ಬರುವಂಥ ಚುರುಕು ವಾಸನೆ ಬಂದರೆ ಯಂತ್ರವನ್ನು ನಿಲ್ಲಿಸಿ, ಕಿಟಕಿ ತೆರೆಯಿರಿ. ಮೂಗು ಆ ವಾಸನೆಗೆ ಬೇಗ ಒಗ್ಗಿಬಿಡುವುದರಿಂದ, ವಾಸನೆ ನಿಂತಿತೆಂದು ಓಝೋನ್ ಹೋಯಿತೆಂದು ತಿಳಿಯಬಾರದು. ಯಂತ್ರದ ಬಳಿ ಎಳೆದು ಕಟ್ಟಿಟ್ಟ ರಬ್ಬರ್ ಬ್ಯಾಂಡಿನಲ್ಲಿ ಎಳೆತಕ್ಕೆ ಅಡ್ಡವಾಗಿ ಸಣ್ಣ ಸೀಳುಗಳು ಮೂಡಿದರೆ ಅದು ಓಝೋನ್‌ನ ಕುರುಹಾಗಿರಬಹುದು. ಸೀಳು ಕಾಣದಿದ್ದರೆ ಅಪಾಯವಿಲ್ಲವೆಂದು ಅರ್ಥವಲ್ಲ.

ಅದೇ ಕೋಣೆಯಲ್ಲಿ ನಿಂಬೆ ಪರಿಮಳದ ದ್ರವದಿಂದ ನೆಲ ಒರೆಸುವ ಅಭ್ಯಾಸವಿದ್ದರೆ ತೊಂದರೆ ಇಮ್ಮಡಿ. ಆ ಪರಿಮಳದಲ್ಲಿರುವ ಲಿಮೊನೀನ್ ಓಝೋನ್‌ನೊಡನೆ ಸೇರಿ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲವನ್ನೂ ಅತಿಸೂಕ್ಷ್ಮ ಕಣಗಳನ್ನೂ ಹುಟ್ಟಿಸುತ್ತದೆ.

ಹೊಸದಾಗಿ ಕೊಳ್ಳುವವರು ದೂಳಿಗೆ ಹೆಪಾ ಫಿಲ್ಟರ್ (ಸೂಕ್ಷ್ಮ ಕಣಗಳನ್ನೂ ಹಿಡಿಯುವ ಸೋಸುಕ), ವಾಸನೆಗೆ ಇದ್ದಿಲಿನ ಫಿಲ್ಟರ್ ಇರುವ, ಓಝೋನ್ ಬಿಡದ ಯಂತ್ರವನ್ನು ಕೇಳಿ ಪಡೆಯಬೇಕು. ಗೋಡೆಯ ಬೂಷ್ಟಿನಿಂದ ಮುಗ್ಗಲು ಹಿಡಿದಿದ್ದರೆ ನೀರು ಜಿನುಗುವ ಜಾಗವನ್ನು ಮೊದಲು ಸರಿಪಡಿಸಬೇಕು. ಗೋಡೆ ತೇವವಾಗಿರುವವರೆಗೆ ಯಾವ ಯಂತ್ರ ತಂದರೂ ಆ ವಾಸನೆ ಮರಳುತ್ತದೆ.